ಇಲ್ಲಿ ಗುಬ್ಬಿ ಪೆಟ್ಟಿಗೆ ಇಲ್ಲ

ಊರಿಗೆ ಉಪಕಾರ ಮಾಡುತ್ತೇನೆಂದು ಹೊರಟವನ ಬಾಳಿನಲ್ಲಿ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಮನೆಯಲ್ಲಿ ಸುಮ್ಮನೆ ಕೂತವನನ್ನು ನೋಡಿ ಜನ ವರ್ಷಕ್ಕೊಮ್ಮೆ ನಕ್ಕರೆ ಹೆಚ್ಚು. ಉಪಕಾರಕ್ಕೆ ಹೊರಟವನನ್ನು ನೋಡಿ ವಾರಕ್ಕೆ ಎರಡು ಸಲ ನಗುತ್ತಾರೆ. ನಾನು ಒಂದು ವರ್ಷ ಗುಬ್ಬಿಗಳಿಗೆ ಉಪಕಾರ ಮಾಡಲು ಹೋಗಿದ್ದೆ.

ಈ ಕತೆಯ ಮೊದಲ ತುಂಡನ್ನು ನನಗೆ ಹೇಳಿದವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಬೀದಿಗೆ ಕಾಗದ ತರುತ್ತಿದ್ದ ಪೋಸ್ಟ್‌ಮ್ಯಾನ್. ಆದ್ದರಿಂದ ಅವರು ಹೇಳಿದ್ದರಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ನಾನೇ ಸಾಕ್ಷಿ. ಒಂದೆರಡಕ್ಕೆ ನಾನೇ ಆರೋಪಿ.

೧. ಗುಬ್ಬಿಯ ಜವಾಬ್ದಾರಿ

ಪೋಸ್ಟ್‌ಮ್ಯಾನರ ತಮ್ಮ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ. ಅಲ್ಲಿ ಒಂದು ಸಂಘದವರು, ಗುಬ್ಬಿಗಳು ಕಡಿಮೆಯಾಗುತ್ತಿವೆ ಎಂದು ಅವನ ಬೀದಿಯ ಮನೆಮನೆಗೂ ಗೂಡು ಕಟ್ಟಲು ಮರದ ಪೆಟ್ಟಿಗೆ ಹಂಚಿದರಂತೆ. ಶಾಮಿಯಾನ, ಮೈಕು, ಹಾರ, ಕೇಸರಿಬಾತು, ಎಲ್ಲ ಇತ್ತು. ಮುಂದಿನ ವರ್ಷ ಅದೇ ಶಾಮಿಯಾನದ ಕೆಳಗೆ ಸಂಘದ ಅಧ್ಯಕ್ಷರು, "ಎಂಬತ್ತು ಪೆಟ್ಟಿಗೆ ಹಂಚಿದ್ದೇವೆ, ಕಾರ್ಯಕ್ರಮ ಯಶಸ್ವಿಯಾಗಿದೆ" ಎಂದು ಭಾಷಣ ಮಾಡಿದರು.

ಆ ಬೀದಿಯಲ್ಲೇ ಬಾಡಿಗೆಗಿದ್ದ ಒಬ್ಬರು ಮೇಡಂ ಎದ್ದು ನಿಂತರಂತೆ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವರು.

"ಸಾರ್, ಗುಬ್ಬಿ ಎಷ್ಟು ಬಂದವು?"

ಅಧ್ಯಕ್ಷರು ಮೈಕನ್ನು ಸರಿಮಾಡಿಕೊಂಡು ಹೇಳಿದರಂತೆ: "ನೋಡಿ ಮೇಡಂ, ಪೆಟ್ಟಿಗೆ ಹಂಚೋದು ಸಂಘದ ಜವಾಬ್ದಾರಿ. ಬರೋದು ಗುಬ್ಬಿ ಜವಾಬ್ದಾರಿ."

ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಒಂದೊಂದೇ ಮನೆಗೆ ಹೋಗಿ ನೋಡಿದರು. ಎರಡು ಮನೆಯಲ್ಲಿ ಗೂಡಿತ್ತು. ಆದರೆ ಅವು ಪೆಟ್ಟಿಗೆಯಿಂದಾಗಿ ಬಂದವೋ, ಪೆಟ್ಟಿಗೆ ಇಲ್ಲದಿದ್ದರೂ ಬರುತ್ತಿದ್ದವೋ ಹೇಳುವಂತಿರಲಿಲ್ಲ. ಹೋಲಿಸಿ ನೋಡೋಣವೆಂದರೆ ಇಡೀ ಬೀದಿಯಲ್ಲಿ ಪೆಟ್ಟಿಗೆ ಇಲ್ಲದ ಒಂದು ಮನೆಯೂ ಉಳಿದಿರಲಿಲ್ಲ. "ಯಾವ ಸಂಘವೂ ಕಾಲಿಡದ ಒಂದು ಬೀದಿ ಸಿಗಬಹುದಾ?" ಎಂದು ಪೋಸ್ಟ್‌ಮ್ಯಾನರ ತಮ್ಮನನ್ನು ಕೇಳಿದರಂತೆ. ಆ ಮಾತು ಅಣ್ಣನಿಗೆ ಮುಟ್ಟಿತು.

"ನಾನು ಹೇಳಿಬಿಟ್ಟೆ ಮೇಸ್ತ್ರಿ," ಎಂದರು ಪೋಸ್ಟ್‌ಮ್ಯಾನ್, ನನ್ನ ಕೈಗೆ ಒಂದು ಲಗ್ನಪತ್ರಿಕೆ ಕೊಡುತ್ತಾ. "ನಮ್ಮ ಓಲ್ಡ್ ಟೌನಲ್ಲಿ ಒಂದು ಬೀದಿ ಇದೆ, ಅಲ್ಲಿಗೆ ಯಾವ ಒಳ್ಳೇದೂ ಇನ್ನೂ ಬಂದಿಲ್ಲ, ಬನ್ನಿ ಅಂತ."

೨. ದೇವರ ಮುಂದೆ ಚೀಟಿ

ನನ್ನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಮುಂಚೆ ಮರದಲ್ಲಿ ಅಚ್ಚು ಮಾಡುವ ವಿಭಾಗದಲ್ಲಿದ್ದು, ಆಗ ನಿವೃತ್ತನಾಗಿ ಎರಡನೇ ವರ್ಷ. ಬೆಳಿಗ್ಗೆ ಸ್ನಾನ, ಪೂಜೆ, ಬೀದಿಯ ತುದಿಯ ಆಂಜನೇಯನ ಗುಡಿಗೆ ಮೂರು ಪ್ರದಕ್ಷಿಣೆ. ಆಮೇಲೆ ಮಧ್ಯಾಹ್ನದ ಊಟದವರೆಗೆ ನನ್ನ ಕೈಗೂ ಉಳಿಗೂ ಕೆಲಸವಿರಲಿಲ್ಲ.

ಗುಬ್ಬಿ ವಿಷಯದಲ್ಲಿ ನಮ್ಮ ಮನೆಗೂ ಒಂದು ಸಂಕಟವಿತ್ತು. ನನ್ನ ಹೆಂಡತಿ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸಲು ಕೂತರೆ ಮೊದಲೆಲ್ಲ ಎಂಟು ಹತ್ತು ಗುಬ್ಬಿ ಕಾಲ ಬಳಿಗೇ ಬರುತ್ತಿದ್ದವು. ಮೂರು ವರ್ಷದಿಂದ ಒಂದೂ ಇಲ್ಲ. ಅವಳು ದೂರಿದವಳಲ್ಲ. ನುಚ್ಚನ್ನು ಮಾತ್ರ ದಿನವೂ ಚೆಲ್ಲುತ್ತಿದ್ದಳು, ಸಂಜೆ ಇರುವೆ ತಿಂದದ್ದನ್ನು ನೋಡಿ ಒಳಗೆ ಹೋಗುತ್ತಿದ್ದಳು.

ಮೇಡಂ ಒಂದು ಭಾನುವಾರ ಬಂದರು. ತೆಳ್ಳಗಿನ ಹೆಂಗಸು, ಹೆಗಲಿಗೆ ದೊಡ್ಡ ಚೀಲ. "ಇಪ್ಪತ್ತನಾಲ್ಕು ಮನೆ ಇದೆ. ಹನ್ನೆರಡಕ್ಕೆ ಪೆಟ್ಟಿಗೆ, ಹನ್ನೆರಡಕ್ಕೆ ಇಲ್ಲ. ಎರಡನ್ನೂ ಹೋಲಿಸಿ ನೋಡೋಣ" ಎಂದರು. ಪೆಟ್ಟಿಗೆ ಮಾಡಿಕೊಡಲು ನಾನು ಒಪ್ಪಿದೆ. ಯಾರ ಮನೆಗೆ ಎಂಬಲ್ಲಿ ಗಲಾಟೆ ಶುರುವಾಯಿತು. ಗಣಪತಿಗೆ ಚಂದಾ ಕೊಟ್ಟವರಿಗೆ ಎಂದರು ಒಬ್ಬರು. ಹೆಂಚಿನ ಮನೆಗೆ ಎಂದರು ಹೆಂಚಿನ ಮನೆಯವರು.

"ಯಾರೂ ಆರಿಸಬಾರದು," ಎಂದರು ಮೇಡಂ. "ನಾವು ಆರಿಸಿದ್ರೆ ಗುಬ್ಬಿ ಬರೋ ಹಾಗಿರೋ ಮನೆಯನ್ನೇ ಆರಿಸ್ತೀವಿ. ಆಮೇಲೆ ಅದು ಮನೆ ನೋಡಿ ಬಂತೋ ಪೆಟ್ಟಿಗೆ ನೋಡಿ ಬಂತೋ ಗೊತ್ತಾಗಲ್ಲ."

"ಹಾಗಾದ್ರೆ ದೇವರ ಮುಂದೆ ಚೀಟಿ ಎತ್ತೋಣ," ಎಂದೆ ನಾನು. "ಮನುಷ್ಯರ ಕೈ ಇರಬಾರದು ಅಂದ್ರೆ ನಮ್ಮಲ್ಲಿ ಹಾಗೇ ಮಾಡೋದು."

ಮೇಡಂ ನನ್ನ ಕಡೆ ತಿರುಗಿದರು. "ಮೇಸ್ತ್ರಿಯವರೇ, ಇದನ್ನ ನಮಗೆ ಅರ್ಥ ಮಾಡಿಸೋಕೆ ಕಾಲೇಜಲ್ಲಿ ಎರಡು ವರ್ಷ ತಗೊಂಡ್ರು."

ಹೊಗಳಿಕೆ ತಲೆಗೇರಿತು. ಗುಡಿಯಲ್ಲಿ ಬೀದಿಯವರೆಲ್ಲ ಸೇರಿದ್ದಾಗ ನಾನು ಕೈಮುಗಿದು ಗಟ್ಟಿಯಾಗಿ ಹೇಳಿಬಿಟ್ಟೆ: "ಸ್ವಾಮಿ, ಮಳೆ ಹಿಡಿಯೋದರೊಳಗೆ ನಾನು ಮಾಡಿದ ಪೆಟ್ಟಿಗೆಯಲ್ಲಿ ಗುಬ್ಬಿ ಮರಿ ಮಾಡದೇ ಇದ್ರೆ ನನ್ನ ಉಳಿಯನ್ನ ನಿನ್ನ ಪಾದದಲ್ಲಿ ಇಟ್ಟುಬಿಡ್ತೀನಿ." ಹದಿನೆಂಟನೇ ವಯಸ್ಸಿನಿಂದ ಹಿಡಿದ ಉಳಿ. ಹೆಂಡತಿ ನನ್ನ ಪಂಚೆಯ ಅಂಚು ಎಳೆದಳು. ಆಗಲೇ ತಡವಾಗಿತ್ತು.

ನಮ್ಮ ಬೀದಿಯಲ್ಲಿ ಮನೆ ಇಲ್ಲದವರು ಎಂದು ಪೋಸ್ಟ್‌ಮ್ಯಾನರೇ ಚೀಟಿ ಎತ್ತಿದರು. ನನ್ನ ಮನೆಗೆ ಪೆಟ್ಟಿಗೆ ಬರಲಿಲ್ಲ. ಅರ್ಚಕರ ಮನೆಗೂ ಬರಲಿಲ್ಲ. ನಾನು ಹೇಗೋ ನುಂಗಿಕೊಂಡೆ. ಅರ್ಚಕರು ಮಾತ್ರ ಮಂಗಳಾರತಿ ತಟ್ಟೆ ಹಿಡಿದು ನಿಂತೇ ಇದ್ದರು.

"ಇನ್ನೊಂದು ಸಲ ಎತ್ತಿದ್ರೆ ಹೇಗೆ?" ಎಂದರು ಮೆಲ್ಲಗೆ.

"ಭಟ್ರೇ, ದೇವರನ್ನ ಎರಡನೇ ಸಲ ಕೇಳಬಾರದು ಅಂತ ನನ್ನ ಮಗಳ ಮದುವೆ ಸಮಯದಲ್ಲಿ ನೀವೇ ಹೇಳಿದ್ರಿ," ಎಂದೆ.

"ಅದು ಮದುವೆ, ಮಾರಾಯ," ಎಂದರು ಅರ್ಚಕರು. "ಇದು ಪೆಟ್ಟಿಗೆ ವಿಷಯ."

೩. ಏನೂ ಮಾಡದ ಕೆಲಸ

ಹಲಸಿನ ಹಲಗೆಯಲ್ಲಿ ಹನ್ನೆರಡು ಪೆಟ್ಟಿಗೆ ಮಾಡಿದೆ. ಕಾರ್ಖಾನೆಯ ಅಭ್ಯಾಸ, ಒಳಗೂ ಹೊರಗೂ ಉಜ್ಜಿ ಪಾಲಿಶ್ ಕೊಟ್ಟೆ, ಮುಖ ನೋಡಿಕೊಳ್ಳಬಹುದಿತ್ತು. ಅವುಗಳನ್ನು ಕಟ್ಟಿದ ಮಾರನೆಯ ದಿನವೇ ಪೆಟ್ಟಿಗೆ ಸಿಗದವರಲ್ಲಿ ಅಸಮಾಧಾನ ಎದ್ದಿತು. ನನ್ನ ಪಕ್ಕದ ಮನೆಯವರು ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು, ಸೇಲಂ ಕಡೆಯವರು. ಅವರು ಒಂದು ಡಾಲ್ಡಾ ಡಬ್ಬಕ್ಕೆ ತೂತು ಕೊರೆದು ತಾವೇ ನೇತುಹಾಕಿಬಿಟ್ಟರು.

ಮೇಡಂ ಬಂದು ಕೈಮುಗಿದರು. "ಸಾರ್, ದಯವಿಟ್ಟು ಅದನ್ನ ತೆಗೀರಿ. ನಿಮ್ಮ ಮನೆಯೂ ಪರೀಕ್ಷೆಯಲ್ಲಿದೆ. ಪೆಟ್ಟಿಗೆ ಇರೋ ಮನೆ ಎಷ್ಟು ಮುಖ್ಯವೋ ಇಲ್ಲದ ಮನೆಯೂ ಅಷ್ಟೇ ಮುಖ್ಯ."

"ನಾನು ಏನು ಮಾಡ್ಬೇಕು ಮೇಡಂ?"

"ಏನೂ ಮಾಡಬಾರದು. ಅದೇ ನಿಮ್ಮ ಕೆಲಸ."

ಕ್ರೇನಿನವರು ಡಬ್ಬ ಬಿಚ್ಚಿ ಕೈಯಲ್ಲಿ ಹಿಡಿದು ಯೋಚಿಸಿದರು. "ಈ ಕೆಲಸ ನಾನು ಡ್ಯೂಟಿಯಲ್ಲಿದ್ದಾಗ ಎರಡು ಸಲ ಮಾಡಿದ್ದೆ ಮೇಡಂ. ಎರಡು ಸಲವೂ ಮೆಮೋ ಕೊಟ್ರು."

ಆದರೂ ಆ ಹನ್ನೆರಡು ಮನೆಗೆ ಏನಾದರೂ ಒಂದು ಮರ್ಯಾದೆ ಬೇಕು ಎಂದು ನನಗನ್ನಿಸಿತು. ಉಳಿದ ಹಲಗೆಯಲ್ಲಿ ಒಂದೂವರೆ ಅಡಿ ಅಗಲದ ಬೋರ್ಡು ಮಾಡಿ, "ಈ ಮನೆ ಗುಬ್ಬಿ ಪರೀಕ್ಷೆಯಲ್ಲಿದೆ. ಇಲ್ಲಿ ಗುಬ್ಬಿ ಪೆಟ್ಟಿಗೆ ಇಲ್ಲ" ಎಂದು ಬಿಳಿ ಬಣ್ಣದಲ್ಲಿ ಬರೆದೆ. ಮೇಡಂ, "ಗೋಡೆಗೆ ಚಪ್ಪಟೆಯಾಗಿ ಮೊಳೆ ಹೊಡೆದ್ರೆ ಸಾಕಲ್ವಾ?" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮನೆಯಲ್ಲಿ ದೇವರ ಪಟ ಹೇಗೆ ಹಾಕುತ್ತೇವೋ ಹಾಗೆ ಹಾಕಿದೆ. ಕೆಳಗೆ ಎರಡು ಮೊಳೆಯ ಮೇಲೆ ಕೂರಿಸಿ, ಮೇಲ್ತುದಿಯನ್ನು ದಾರದಲ್ಲಿ ಮುಂದಕ್ಕೆ ಬಾಗಿಸಿ ಕಟ್ಟಿದೆ. ಸೂರಿನ ಕೆಳಗೆ ಹನ್ನೆರಡು ಬೋರ್ಡುಗಳು ತಲೆಬಾಗಿಸಿ ಬೀದಿಯನ್ನು ನೋಡುತ್ತಿದ್ದವು. ಅರ್ಚಕರಂತೂ ತಮ್ಮ ಬೋರ್ಡಿಗೆ ಒಂದು ಹೂವು ಸಿಕ್ಕಿಸಿದರು.

೪. ಕಾಫಿ ಮತ್ತು ಎಂಟು ಗುಬ್ಬಿ

ಎಣಿಸುವ ಕೆಲಸವನ್ನು ಮೊದಲು ಮನೆಯವರಿಗೇ ಬಿಟ್ಟಿದ್ದರು. ಮೇಡಂ ಭಾನುವಾರ ಬಂದು ಕೇಳಿ ಬರೆದುಕೊಳ್ಳುವುದು. ಮೊದಲ ವಾರ ನಮ್ಮ ಎದುರುಮನೆಯ ಅಜ್ಜಿ ಕಾಫಿ ಕೊಟ್ಟು, "ಎಂಟು ಗುಬ್ಬಿ ಬಂದಿದ್ವು ಮಗಾ" ಎಂದರು. ಅವರ ಮನೆಗೆ ಪೆಟ್ಟಿಗೆ ಸಿಕ್ಕಿತ್ತು. ನನ್ನ ಎದೆ ಉಬ್ಬಿತು.

"ಯಾವಾಗ ಅಜ್ಜಿ? ಪೆಟ್ಟಿಗೆ ಒಳಗೆ ಹೋದವಾ?"

"ಹೋದ್ವು, ಬಂದ್ವು."

ಮೇಡಂ ಪೆಟ್ಟಿಗೆಯ ಬಾಯಿಗೆ ಒಂದು ಎಳೆ ದಾರ ಅಂಟಿಸಿ ಹೋಗಿದ್ದರು. ಹಕ್ಕಿ ಒಳಹೊಕ್ಕರೆ ಅದು ಕಿತ್ತುಹೋಗಬೇಕು. ನೋಡಿದರೆ ದಾರ ಹಾಗೆಯೇ ಇತ್ತು. ಅಜ್ಜಿಗೆ ತೋರಿಸಿದರು.

ಅಜ್ಜಿಗೆ ಏನೂ ನಾಚಿಕೆಯಾಗಲಿಲ್ಲ. "ಬಿಸಿಲಲ್ಲಿ ಶಿವಮೊಗ್ಗದಿಂದ ಬಸ್ಸಲ್ಲಿ ಬಂದಿದೀಯ. ಬಂದವರಿಗೆ ಇಲ್ಲ ಅಂತ ಹೇಳಿ ಕಳಿಸೋದಾ?"

ಹಾಗಾದರೆ ನಾನೇ ಎಣಿಸುತ್ತೇನೆ ಎಂದೆ. ಮೇಡಂ ಅಡ್ಡಡ್ಡ ತಲೆ ಆಡಿಸಿದರು. "ನೀವು ಬೇಡ ಮೇಸ್ತ್ರಿಯವರೇ. ಪೆಟ್ಟಿಗೆ ನಿಮ್ಮದು, ದೇವರ ಮುಂದೆ ಮಾತು ಬೇರೆ ಕೊಟ್ಟಿದೀರಿ. ನಿಮ್ಮ ಕಣ್ಣಿಗೆ ಕಾಗೆಯೂ ಗುಬ್ಬಿಯಾಗಿ ಕಾಣುತ್ತೆ. ಬಂದರೂ ಬಾರದಿದ್ದರೂ ಏನೂ ಅನ್ನಿಸದವರು ಬೇಕು."

ಅಂಥ ಮನುಷ್ಯ ದಿನವೂ ಹನ್ನೊಂದು ಗಂಟೆಗೆ ಸೈಕಲ್ ಮೇಲೆ ಬರುತ್ತಿದ್ದರು. ಪೋಸ್ಟ್‌ಮ್ಯಾನ್ ಒಪ್ಪಿದರು. ಮೇಡಂ ಒಂದು ಪುಸ್ತಕ ಕೊಟ್ಟರು: ಒಂದು ಕಡೆ ಪೆಟ್ಟಿಗೆ ಇರುವ ಮನೆ, ಇನ್ನೊಂದು ಕಡೆ ಇಲ್ಲದ ಮನೆ. ಮೊದಲ ವಾರದ ಪುಟ ತೆರೆದಾಗ ಹೀಗೆ ಬರೆದಿತ್ತು: "ಗುಬ್ಬಿ ಇಲ್ಲ. ನಾಯಿ ಮೂರು. ಒಂದು ಹೊಸದು."

"ನಾಯಿ ಯಾಕೆ ಬರೆದ್ರಿ?" ಎಂದು ಮೇಡಂ ಕೇಳಿದರು.

"ಬೀದಿಗೆ ಕಾಲಿಟ್ಟರೆ ಮೊದಲು ನಾನು ನೋಡೋದೇ ಅದು ಮೇಡಂ."

೫. ಅರ್ಧ ಪಾವು ನುಚ್ಚು

ಒಂದು ತಿಂಗಳಾದರೂ ಪೆಟ್ಟಿಗೆಗೆ ಗುಬ್ಬಿ ಬರಲಿಲ್ಲ. ನನಗೆ ಊಟ ರುಚಿಸುತ್ತಿರಲಿಲ್ಲ. ಪೂಜೆಗೆ ಕೂತರೆ ಕಣ್ಣ ಮುಂದೆ ಉಳಿಯೇ ಬರುತ್ತಿತ್ತು. ದಿನವಿಡೀ ನಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅಜ್ಜಿಯ ಮನೆಯ ಪೆಟ್ಟಿಗೆಯನ್ನೇ ನೋಡುತ್ತಾ ಕೂರುತ್ತಿದ್ದೆ.

ಒಂದು ಮಂಗಳವಾರ ಮಧ್ಯಾಹ್ನ ಬೀದಿಯೆಲ್ಲ ಮಲಗಿತ್ತು. ನಾನು ಅಡುಗೆಮನೆಯಿಂದ ಅರ್ಧ ಪಾವು ನುಚ್ಚನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಹೊರಟೆ. ಪೆಟ್ಟಿಗೆ ಇರುವ ಮನೆಗಳ ಕೆಳಗೆ ಮಾತ್ರ ಚೆಲ್ಲುತ್ತಾ ಹೋದೆ. ಏಳನೆಯ ಮನೆಯ ಹತ್ತಿರ ಹಿಂದಿನಿಂದ ಮಾತು ಬಂತು.

"ಏನ್ರೀ, ಯಾರಿಗೆ ಮೋಸ ಮಾಡ್ತಿದೀರಿ? ಮೇಡಂಗೋ, ಆಂಜನೇಯನಿಗೋ?"

ಹೆಂಡತಿ ಮೊರ ಹಿಡಿದು ನಿಂತಿದ್ದಳು.

"ಗುಬ್ಬಿಗೆ ಅನ್ನ ಹಾಕೋದು ಮೋಸ ಹೇಗಾಗುತ್ತೆ ಮಾರಾಯ್ತಿ?"

"ಹಾಗಾದ್ರೆ ನಮ್ಮ ಮನೆ ಮುಂದೆ ಯಾಕೆ ಹಾಕಲಿಲ್ಲ? ಪರೀಕ್ಷೆ ಅಂತ ನಾನೇ ನುಚ್ಚು ಚೆಲ್ಲೋದು ನಿಲ್ಲಿಸಿದೀನಿ. ಚೀಟಿ ಎತ್ತಿಸಿದ್ದು ನೀವೇ ತಾನೆ? ನಿಮಗೆ ಬೇಕಾದ ಕಡೆ ತಕ್ಕಡಿ ಬಗ್ಗಿಸೋದಾದ್ರೆ ದೇವರನ್ನ ಯಾಕೆ ಕರೆದ್ರಿ?"

ಮಡಿಲಲ್ಲಿ ಉಳಿದ ನುಚ್ಚನ್ನು ಅವಳ ಮೊರಕ್ಕೆ ಸುರಿದೆ. ಭಾನುವಾರ ಮೇಡಂ ಮುಂದೆ ನಾನೇ ಒಪ್ಪಿಕೊಂಡೆ. ಅವರು ಬಯ್ಯಬಹುದು, ಪರೀಕ್ಷೆ ನಿಲ್ಲಿಸಬಹುದು ಎಂದುಕೊಂಡಿದ್ದೆ. ಅವರು ಪುಸ್ತಕ ತೆಗೆದು, "ಯಾವ ದಿನ, ಎಷ್ಟು, ಯಾವ ಮನೆ?" ಎಂದು ಕೇಳಿ ಬರೆದುಕೊಂಡರು. "ತಪ್ಪಾಗೋದು ಸಹಜ. ಬರೆಯದೇ ಇದ್ರೆ ಮಾತ್ರ ಕಷ್ಟ." ಆವತ್ತಿನಿಂದ ಇಪ್ಪತ್ತನಾಲ್ಕೂ ಮನೆಯ ಮುಂದೆ ಒಂದೊಂದು ಹಿಡಿ ನುಚ್ಚು ಎಂದು ನಿಯಮ ಮಾಡಿದರು.

ಮುಂದೆ ಮೇಡಂ ಈ ಪರೀಕ್ಷೆಯ ವರದಿ ಬರೆದು ಕಾಲೇಜಿಗೆ ಕೊಟ್ಟರು. ಏಳು ಪುಟ. ನನ್ನ ಇಡೀ ಜೀವಮಾನದಲ್ಲಿ ಅಚ್ಚಿನಲ್ಲಿ ನನ್ನ ಬಗ್ಗೆ ಬಂದದ್ದು ಅದೊಂದೇ ಸಾಲು: "ಐದನೆಯ ವಾರ, ಮಂಗಳವಾರ, ಪೆಟ್ಟಿಗೆ ಮಾಡಿದವರು ಅರ್ಧ ಪಾವಿನಷ್ಟು ಮೋಸ ಮಾಡಿದರು."

೬. ಬಾಡಿಗೆಗೆ ಬಂದವರು

ಎರಡೂವರೆ ತಿಂಗಳಿಗೆ ಮೇಡಂ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ನೋಡೋಣ ಎಂದರು. ನಾನು ಏಣಿ ಹಿಡಿದೆ. ಒಂದರಲ್ಲಿ ಅಳಿಲು, ತೆಂಗಿನ ನಾರಿನ ಹಾಸಿಗೆ ಸಮೇತ. ಎರಡರಲ್ಲಿ ಕಟ್ಟಿರುವೆ. ಒಂದರಲ್ಲಿ ಹಲ್ಲಿ, ಪಾಲಿಶ್ ಮೇಲೆ ಕಾಲೂರಲಾಗದೆ ಜಾರುತ್ತಿತ್ತು. ಒಂದರಲ್ಲಿ ಮನೆ ಬೀಗದ ಕೈ. ಆ ಮನೆಯವರು, "ಅದನ್ನ ಮುಟ್ಟಬೇಡಿ, ನಮ್ಮ ಸೊಸೆ ಸ್ಕೂಲಿಂದ ಬಂದ್ರೆ ಬೇಕು" ಎಂದರು.

ಬೀದಿಯ ಕೊನೆಯ ಪೆಟ್ಟಿಗೆಯಲ್ಲಿ ಕೈ ಹಾಕಿದ ಮೇಡಂ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ ಹೊರತೆಗೆದರು. ಆ ಮನೆಯ ಯಜಮಾನರು ಬೀಡಿ ಬಿಟ್ಟು ಆರು ತಿಂಗಳಾಯಿತೆಂದು ಬೀದಿಗೆಲ್ಲ ಹೇಳಿಕೊಂಡವರು. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಬರ್ಕೊಳ್ಳಿ ಮೇಡಂ," ಎಂದರು ಆ ತಾಯಿ. "ಗುಬ್ಬಿ ಬರದೇ ಇದ್ರೂ ನಿಮ್ಮ ಪೆಟ್ಟಿಗೆಯಿಂದ ಒಂದು ಪ್ರಾಣಿ ಪತ್ತೆಯಾಯ್ತು ಅಂತ."

ಬೀದಿ ನಕ್ಕಿತು. ನನಗೆ ನಗು ಬರಲಿಲ್ಲ. ಹನ್ನೆರಡು ಪೆಟ್ಟಿಗೆ, ಒಂದು ಗುಬ್ಬಿಯೂ ಇಲ್ಲ. ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು.

೭. ಕಾಗದ ತಪ್ಪದ ಮನೆ

ಅದೇ ದಿನ ಮೇಡಂ ಪೋಸ್ಟ್‌ಮ್ಯಾನರ ಪುಸ್ತಕ ತೆರೆದರು. ಅವರು ಮೂರು ವಾರದಿಂದ ಕಾಲೇಜಿನ ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿ ಬಂದಿರಲಿಲ್ಲ. ಆ ಮೂರು ವಾರದ ಪುಟಗಳಲ್ಲಿ ಗುಬ್ಬಿಯೇ ಗುಬ್ಬಿ. ಎರಡು, ನಾಲ್ಕು, ಏಳು. ನನ್ನ ಜೀವ ಒಂದು ಕ್ಷಣ ಹಿಗ್ಗಿತು. ಆಮೇಲೆ ನೋಡಿದರೆ ಎಲ್ಲವನ್ನೂ ಪೆಟ್ಟಿಗೆ ಇಲ್ಲದ ಮನೆಗಳ ಕಡೆ ಬರೆದಿದ್ದರು.

"ಪೋಸ್ಟ್‌ಮ್ಯಾನರೇ, ಕಾಲಂ ತಪ್ಪಿದೆ. ಇದು ಈ ಕಡೆ ಬರಬೇಕು," ಎಂದೆ. ಪೆನ್ಸಿಲನ್ನೂ ಕೈಗೆ ತೆಗೆದುಕೊಂಡಿದ್ದೆ.

ಅವರು ಸೈಕಲ್ ಸ್ಟ್ಯಾಂಡ್ ಹಾಕಿ ನಿಂತರು. ಅಷ್ಟು ಸಿಟ್ಟನ್ನು ಅವರ ಮುಖದಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗಲೂ ಕಂಡಿರಲಿಲ್ಲ. "ಮೇಸ್ತ್ರಿ, ಇಪ್ಪತ್ತೇಳು ವರ್ಷ ಆಯ್ತು. ಒಂದು ಕಾರ್ಡನ್ನೂ ತಪ್ಪು ಮನೆಗೆ ಹಾಕಿದವನಲ್ಲ ನಾನು. ಗುಬ್ಬಿಯನ್ನ ಹಾಕ್ತೀನಾ?"

ಮೇಡಂ ನನ್ನ ಕೈಯಿಂದ ಪೆನ್ಸಿಲ್ ಮೆತ್ತಗೆ ತೆಗೆದುಕೊಂಡರು. "ಪುಸ್ತಕ ತಿದ್ದೋದು ಬೇಡ. ಹೋಗಿ ನೋಡೋಣ."

ಅಷ್ಟರಲ್ಲಿ ಪಕ್ಕದ ಮನೆಯ ಕ್ರೇನಿನವರು ತಲೆ ಕೊಡವುತ್ತಾ ಹೊರಗೆ ಬಂದರು. "ಮೇಸ್ತ್ರಿ, ನಿಮ್ಮ ಬೋರ್ಡು ಸರಿ ಇಲ್ಲಪ್ಪ. ಪೇಪರ್ ಓದೋಕೆ ಕೂತ್ರೆ ಹುಲ್ಲು ಬೀಳುತ್ತೆ, ಪುಕ್ಕ ಬೀಳುತ್ತೆ. ನಿನ್ನೆ ಕಾಫಿಗೇ ಬಿತ್ತು. ಏನೂ ಮಾಡಬಾರದು ಅಂದಿದೀರಲ್ಲ, ಅದಕ್ಕೆ ಸುಮ್ಮನೆ ಕುಡಿದೆ."

ಮೇಡಂ ಏಣಿ ಹತ್ತಿ, ಮುಂದಕ್ಕೆ ಬಾಗಿದ್ದ ಬೋರ್ಡಿನ ಹಿಂದೆ ಇಣುಕಿದರು. ಬಹಳ ಹೊತ್ತು ಇಳಿಯಲಿಲ್ಲ. ಆಮೇಲೆ ಏಣಿಯ ಮೇಲಿಂದಲೇ ಮೆಲ್ಲಗೆ ಹೇಳಿದರು: "ನಾಲ್ಕು ಮರಿ."

ಬೋರ್ಡಿಗೂ ಗೋಡೆಗೂ ನಡುವೆ, ದೇವರ ಪಟದ ಹಿಂದೆ ಇರುವಂಥದ್ದೇ ಸಂದು. ಅದರ ತುಂಬ ಹುಲ್ಲು. ಮುಂದೆ ನನ್ನದೇ ಕೈಬರಹ: "ಇಲ್ಲಿ ಗುಬ್ಬಿ ಪೆಟ್ಟಿಗೆ ಇಲ್ಲ." ಹನ್ನೆರಡರಲ್ಲಿ ಐದು ಬೋರ್ಡಿನ ಹಿಂದೆ ಗೂಡು. ಅರ್ಚಕರ ಮನೆಯಲ್ಲೂ ಇತ್ತು. ಅವರು ಕೈಮುಗಿದು, "ಚೀಟಿ ಸರಿಯಾಗೇ ಬಂದಿತ್ತು. ನನಗೆ ಆವತ್ತೇ ಅನ್ನಿಸಿತ್ತು" ಎಂದರು.

ಐದನೆಯ ಗೂಡು ನಮ್ಮ ಮನೆಯ ಬೋರ್ಡಿನ ಹಿಂದೆ. ನಾನು ಎರಡೂವರೆ ತಿಂಗಳು ಅದರ ಕೆಳಗೇ ಕುರ್ಚಿ ಹಾಕಿಕೊಂಡು ಎದುರುಮನೆ ನೋಡುತ್ತಾ ಕೂತಿದ್ದೆ. ಚಿಲಿಪಿಲಿ ಕೇಳಿದಾಗಲೆಲ್ಲ ಅದು ಅಜ್ಜಿಯ ಪೆಟ್ಟಿಗೆಯಿಂದ ಬರುತ್ತಿದೆ ಎಂದು ಸಮಾಧಾನ ಪಟ್ಟುಕೊಂಡಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ನಿನಗೆ ಗೊತ್ತಿತ್ತಾ?"

"ಹದಿನೈದು ದಿನದಿಂದ."

"ಹೇಳಬಾರದಿತ್ತಾ ಮಾರಾಯ್ತಿ?"

"ಪೆಟ್ಟಿಗೆ ಇಲ್ಲದ ಮನೆಯವರು ಏನೂ ಮಾಡಬಾರದು ಅಂತ ಮೇಡಂ ಹೇಳಿದ್ರು. ನಾನು ಮಾಡಲಿಲ್ಲ."

೮. ಉಳಿ

ನಗು ಮುಗಿದ ಮೇಲೆ ಉಳಿಯ ಮಾತು ಉಳಿಯಿತು. ಗುಬ್ಬಿ ಬಂದದ್ದು ನಿಜ, ಆದರೆ ನನ್ನ ಪೆಟ್ಟಿಗೆಗಲ್ಲ. "ನಾನು ಮಾಡಿದ ಪೆಟ್ಟಿಗೆ" ಎಂದೇ ದೇವರ ಮುಂದೆ ಹೇಳಿದ್ದೆ, ಇಡೀ ಬೀದಿ ಕೇಳಿತ್ತು. ಮೇಡಂ, "ಒಂದು ವರ್ಷ, ಒಂದು ಬೀದಿ. ಇಷ್ಟರಿಂದಲೇ ಪೆಟ್ಟಿಗೆ ಕೆಲಸಕ್ಕೆ ಬಾರದು ಅನ್ನೋಕೂ ಆಗಲ್ಲ ಮೇಸ್ತ್ರಿಯವರೇ. ಪಾಲಿಶ್ ಕಾರಣವೋ, ತೂತು ದೊಡ್ಡದಾಯ್ತೋ, ಇನ್ನೂ ನೋಡಬೇಕು" ಎಂದರು. ಸಮಾಧಾನ ಅನ್ನಿಸಿತು. ಆದರೂ ಕೊಟ್ಟ ಮಾತು ಕೊಟ್ಟದ್ದೇ.

ಮೊದಲ ಮಳೆ ಬಿದ್ದ ಶನಿವಾರ ಸ್ನಾನ ಮಾಡಿ, ಉಳಿಯನ್ನು ತೊಳೆದು ಒರೆಸಿ, ವೀಳ್ಯದೆಲೆಯ ಮೇಲಿಟ್ಟುಕೊಂಡು ಗುಡಿಗೆ ಹೋದೆ. ಹೆಂಡತಿ ಜೊತೆಗೆ ಬಂದಳು. ಅರ್ಚಕರು ಉಳಿಯನ್ನು ತೆಗೆದುಕೊಂಡು ಆಂಜನೇಯನ ಪಾದದಲ್ಲಿಟ್ಟರು. ನನ್ನ ಕಣ್ಣು ತುಂಬಿತು. ಅವರು ಮಂತ್ರ ಹೇಳಿ, ಆರತಿ ಎತ್ತಿ, ಉಳಿಯ ಮೇಲೆ ಒಂದಿಷ್ಟು ಕುಂಕುಮ ಹಚ್ಚಿ, ಹೂವಿನ ಜೊತೆ ವಾಪಸು ನನ್ನ ಕೈಗೇ ಹಾಕಿದರು.

"ಇದೇನು ಭಟ್ರೇ? ಪಾದಕ್ಕೆ ಒಪ್ಪಿಸಿದ್ದು."

"ಪಾದದಲ್ಲಿ ಇಟ್ಟಾಯ್ತು. ಮಾತು ಅಲ್ಲಿಗೆ ಮುಗೀತು. ಈಗ ಇದು ಪ್ರಸಾದ. ಪ್ರಸಾದ ಬೇಡ ಅಂತ ನಿನ್ನ ಬಾಯಲ್ಲಿ ಬರುತ್ತಾ?"

ಬರಲಿಲ್ಲ. ನಾನು ಉಳಿಯನ್ನು ಕಣ್ಣಿಗೊತ್ತಿಕೊಂಡೆ.

"ಸರಿ," ಎಂದರು ಅರ್ಚಕರು, ತೀರ್ಥ ಕೊಡುತ್ತಾ. "ನಾಳೆಯಿಂದ ಗುಡಿಗೆ ನಾಲ್ಕು ಬೋರ್ಡು ಮಾಡು. ಏನು ಬರೀಬೇಕು ಅಂತ ಗೊತ್ತಲ್ಲ. ಒಂದಕ್ಷರ ಬದಲಾಯಿಸಬೇಡ. ಅದನ್ನ ಓದಿಯೇ ಅವು ಬಂದಿದ್ದೋ ಏನೋ."

೯. ಎಂಬತ್ತು ಬೋರ್ಡು

ಮುಂದಿನ ವರ್ಷ ಮತ್ತೆ ಚೀಟಿ ಎತ್ತಿದೆವು. ಈ ಸಲ ಬೋರ್ಡು ಒಂದಿಷ್ಟು ಮನೆಗೆ, ಪಾಲಿಶ್ ಇಲ್ಲದ ಸಣ್ಣ ತೂತಿನ ಪೆಟ್ಟಿಗೆ ಒಂದಿಷ್ಟು ಮನೆಗೆ, ಎರಡೂ ಇಲ್ಲದೆ ಒಂದಿಷ್ಟು. ಬೋರ್ಡೇ ಮತ್ತೆ ಮುಂದೆ. ಆದರೆ ಅಜ್ಜಿಯ ಮನೆಯ ಪೆಟ್ಟಿಗೆಯಲ್ಲೂ ಒಂದು ಗೂಡಾಯಿತು, ಪೋಸ್ಟ್‌ಮ್ಯಾನ್ ಕಂಡು ಬರೆದದ್ದು. ಅಜ್ಜಿ ಆ ಭಾನುವಾರ ಮೇಡಂಗೆ ಕಾಫಿ ಕೊಟ್ಟು, "ಈಗ ನಿಜ ಹೇಳ್ತೀನಿ ಕೇಳು ಮಗಾ, ಎರಡು" ಎಂದರು. ನನ್ನ ಹೆಂಡತಿಯ ಮೊರದ ಹತ್ತಿರ ಬರುತ್ತಿದ್ದ ಗುಬ್ಬಿಗಳನ್ನು ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ. ಅವಳೇ ಬೇಡ ಎಂದಳು.

ಸುದ್ದಿ ಹೊಸಮನೆಗೂ ಹೋಯಿತು. ಅಲ್ಲಿಯ ಸಂಘದ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದರು. ಬೋರ್ಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು.

"ಮೇಸ್ತ್ರಿಯವರೇ, ನಮಗೆ ಎಂಬತ್ತು ಬೇಕು. ಮನೆಮನೆಗೂ ಹಂಚ್ತೀವಿ. ಶಾಮಿಯಾನ ಹೇಳಾಗಿದೆ."

"ಎಂಬತ್ತು ಬೇಡ ಸಾರ್, ನಲವತ್ತು ಹಾಕಿ, ನಲವತ್ತು ಬಿಡಿ, ಚೀಟಿ ಎತ್ತಿ," ಎಂದೆ. ಮೇಡಂ ಹೇಳಿದ್ದನ್ನೆಲ್ಲ ನಿಧಾನವಾಗಿ ವಿವರಿಸಿದೆ. ಅವರು ಎಲ್ಲಕ್ಕೂ ತಲೆ ಆಡಿಸಿ ಎಂಬತ್ತನ್ನೇ ಮಾಡಿಸಿಕೊಂಡು ಹೋದರು.

ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಹೋಗಿ ನೋಡಿದೆ. ಹೊಸಮನೆಯ ಆ ಬೀದಿಯಲ್ಲಿ ಒಂದೊಂದು ಮನೆಯ ಸೂರಿನ ಕೆಳಗೂ ಹಿಂದೆ ಹಂಚಿದ ಗುಬ್ಬಿ ಪೆಟ್ಟಿಗೆ ನೇತಾಡುತ್ತಿತ್ತು. ಅದರ ಪಕ್ಕದಲ್ಲೇ, ದೊಡ್ಡ ಅಕ್ಷರದಲ್ಲಿ, ನನ್ನ ಬೋರ್ಡು: "ಇಲ್ಲಿ ಗುಬ್ಬಿ ಪೆಟ್ಟಿಗೆ ಇಲ್ಲ." ಎಂಬತ್ತು ಮನೆಯಲ್ಲೂ ಪೆಟ್ಟಿಗೆ, ಎಂಬತ್ತು ಮನೆಯಲ್ಲೂ ಇಲ್ಲ ಎಂಬ ಬೋರ್ಡು. ಮೇಡಂ ಶಾಮಿಯಾನದ ಕಂಬ ಹಿಡಿದುಕೊಂಡು ಕೂತುಬಿಟ್ಟರು. ಅಧ್ಯಕ್ಷರು ಮೈಕಿನಲ್ಲಿ, "ಈ ಸಲ ಗುಬ್ಬಿಗಳಿಗೆ ಯಾವ ನೆಪವೂ ಇಲ್ಲ" ಎಂದರು.

ಈ ಕತೆಯನ್ನು ನೀವು ನಾಲ್ಕು ಜನಕ್ಕೆ ಹೇಳಬೇಕೆಂದು ನನ್ನ ಕೋರಿಕೆ. ಆದರೆ ಬೀದಿಯವರಿಗೆಲ್ಲ ಹೇಳಬೇಡಿ. ಚೀಟಿ ಎತ್ತಿ ಅರ್ಧ ಮನೆಗೆ ಹೇಳಿ, ಅರ್ಧ ಮನೆಗೆ ಹೇಳದೆ ಬಿಡಿ. ಕತೆಯಿಂದ ಏನಾದರೂ ಪ್ರಯೋಜನವಿದೆಯೋ ಇಲ್ಲವೋ ಅದೂ ಗೊತ್ತಾಗಿಹೋಗಲಿ. ಎಣಿಸಲು ಮಾತ್ರ ನಿಮ್ಮ ಪೋಸ್ಟ್‌ಮ್ಯಾನರನ್ನೇ ಕೇಳಿ.